ಬಕೆಟ್‌ನಲ್ಲಿ ಬಂದ ನೆಂಟ
ಕಾಸರಗೋಡಿನ ಪಯಸ್ವಿನಿಯೂ ಕಾವೇರಿಯೂ ಕೊಡಗಿನ ಮಕ್ಕಳೇ. ಅಕ್ಕನ ಮನೆಯ ಕಥೆ ತಂಗಿಯ ದಡದವರಿಗೂ ಗೊತ್ತಿರಲಿ. ಕಾವೇರಿಯಲ್ಲಿ ಗಾಳದವರ ಸಂಘಗಳು ಸಿಡಿಮದ್ದಿನ ಕಳ್ಳರನ್ನು ತಡೆದು, ಹಿಡಿದ ಮಹಶೀರು ಮೀನನ್ನು ತೂಗಿ ಮರಳಿ ನೀರಿಗೇ ಬಿಟ್ಟು ಹೊಳೆ ಕಾದವು. ಆದರೆ ಒಳ್ಳೆಯದಾಗಲೆಂದೇ ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರು ಎಲ್ಲೆಡೆ ಹಬ್ಬಿತು. ಅಲ್ಲಿನದೇ ಆದ ಡುಬ್ಬದ ಮಹಶೀರು 2018ರಲ್ಲಿ ತೀವ್ರ ಅಳಿವಿನಂಚಿನ ಪಟ್ಟಿ ಸೇರಿತು. ಅದೇ ವರ್ಷದ ಪ್ರಳಯದಲ್ಲಿ, ಯಾರದೋ ಕೊಳದ ಅಮೆಜಾನಿನ ಅರಾಪೈಮಾ ಮೀನು ಕೇರಳದ ಚಾಲಕುಡಿ ಹೊಳೆಗಿಳಿಯಿತು. ಸಾಕಲು ನಿಷೇಧವಿರುವ ಆಫ್ರಿಕನ್ ಮುಗುಡಂತೂ ಇಂಥ ದಾರಿಗೇ ಕಾಯುವ ಹೊಟ್ಟೆಬಾಕ. ಗಾಳಕ್ಕೆ ಅದು ಸಿಕ್ಕರೆ, ಕರುಣೆ ತೋರಿ ಮರಳಿ ಬಿಡಬೇಡಿ. ಮನೆಯ ಅಕ್ವೇರಿಯಂ ಬೇಸರವಾದರೆ, ದಯವಿಟ್ಟು ಅದನ್ನು ಪಯಸ್ವಿನಿಗೆ ಸುರಿಯಬೇಡಿ.