ಅಚ್ಚಿಲ್ಲದ ಗಾಡಿಗೆ ಕನ್ನಡದ ಬಣ್ಣ

ಕಳೆದ ಬೇಸಿಗೆ ರಜೆಯಲ್ಲಿ ಲಕ್ಕವಳ್ಳಿಯ ಅಕ್ಕನ ಮನೆಗೆ ಹೋಗಿದ್ದೆ. ಮಹಾಪ್ರಬಂಧದ ಮೂರನೇ ಅಧ್ಯಾಯ ಮುಗಿಸುತ್ತೇನೆಂದು ಒಯ್ದ ಲ್ಯಾಪ್‌ಟಾಪು ಎರಡನೇ ದಿನಕ್ಕೇ ಎಂಟನೇ ತರಗತಿಯ ಅಕ್ಕನ ಮಗನ ಕೈಸೇರಿತು. ನಾನು ಬೇಸರ ಕಳೆಯಲು ಅದರಲ್ಲಿ ಹಾಕಿಟ್ಟಿದ್ದ ‘ಸ್ಕ್ರ್ಯಾಪ್ ಮೆಕ್ಯಾನಿಕ್’ ಎಂಬ ಆಟ ಅವನ ಕಣ್ಣಿಗೆ ಬಿದ್ದಿತ್ತು. 2016ರಲ್ಲಿ ಸ್ವೀಡನ್ನಿನ ಸಂಸ್ಥೆಯೊಂದು ಹೊರತಂದ ಆಟ ಇದು. ಹಲಗೆ, ಚಕ್ರ, ಎಂಜಿನ್, ಬೇರಿಂಗ್‌ಗಳ ರಾಶಿ ಮುಂದಿರುತ್ತದೆ. ಜೋಡಿಸಿ ನಿಮಗೆ ಬೇಕಾದ ಗಾಡಿ ಕಟ್ಟಿ ಓಡಿಸಬೇಕು.

ಹುಡುಗ ಒಂದು ಲಾರಿ ಕಟ್ಟಿದ್ದ. ನೋಡಲು ಭರ್ಜರಿ. ಮೊದಲ ತಿರುವಿಗೇ ಮಗುಚಿ ಬೀಳುತ್ತಿತ್ತು. “ಮಾವ, ಯಾಕೆ ಪಲ್ಟಿ ಹೊಡೀತದೆ?” ಎಂದು ಕೇಳಿದ. ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ಹತ್ತಾರು ವಿಡಿಯೋ ನೋಡಿದ್ದ. ಅವರು ಮಾಡಿದ್ದು ಕಾಣಿಸಿತ್ತು, ಹೇಳಿದ್ದು ತಲೆಗೆ ಹೋಗಿರಲಿಲ್ಲ. ನಾನು ಗಂಭೀರವಾಗಿ “ಗುರುತ್ವಕೇಂದ್ರ ಮೇಲಾಗಿದೆ” ಎಂದೆ. “ಅದು ಪರೀಕ್ಷೆಗೆ ಬರುತ್ತಾ?” ಎಂದ.

ಆಗ ಬೇರೆ ದಾರಿ ಹಿಡಿದೆ. “ನಾಲೆ ಏರಿ ಮೇಲೆ ಹುಲ್ಲು ಹೇರಿದ ಟ್ರೈಲರು ತಿರುಗುವಾಗ ಯಾಕೆ ವಾಲುತ್ತೆ?” ಭದ್ರಾ ನಾಲೆಯ ಪಕ್ಕ ಬೆಳೆದ ಹುಡುಗ ತಡವರಿಸಲಿಲ್ಲ. “ಭಾರ ಎಲ್ಲಾ ಮೇಲಿರುತ್ತಲ್ಲ.” ಹೇಳಿದವನೇ ಒಂದು ಕ್ಷಣ ಸುಮ್ಮನಾದ. ಆಮೇಲೆ ಲಾರಿಯ ಮಾಡಿಗೆ ಹಾಕಿದ್ದ ಕಾಂಕ್ರೀಟನ್ನೆಲ್ಲ ಕಿತ್ತು ತಳಕ್ಕೆ ಹಾಕಿದ, ಚಕ್ರಗಳನ್ನು ಅಗಲಕ್ಕೆ ಸರಿಸಿದ. ಲಾರಿ ತಿರುಗಿತು.

ನನ್ನ ತಕರಾರು ಇಲ್ಲಿಂದ ಶುರು. ಉತ್ತರ ಅವನಿಗೆ ಗೊತ್ತಿತ್ತು, ಅದೂ ಕನ್ನಡದಲ್ಲಿ. ಅದನ್ನು ಆ ಪರದೆಯ ಮೇಲಿನ ಲಾರಿಗೆ ಕಟ್ಟಿಕೊಡುವ ಒಂದು ಪುಟ ಕನ್ನಡ ಗದ್ಯ ನಾನೆಷ್ಟು ಹುಡುಕಿದರೂ ಸಿಗಲಿಲ್ಲ. ನಾವು, ಕನ್ನಡ ಓದಿದವರು, ಅಂಥದ್ದನ್ನು ಬರೆಯುವುದೇ ಇಲ್ಲ. ಕವಿತೆಯ ಬಗ್ಗೆ ಬರೆಯುತ್ತೇವೆ, ಕವಿತೆಯ ಬಗ್ಗೆ ಬರೆದದ್ದರ ಬಗ್ಗೆ ಬರೆಯುತ್ತೇವೆ. ನವೆಂಬರ್ ಬಂದರೆ ‘ಕನ್ನಡ ಉಳಿಸಿ’ ಎಂದು ಭಾಷಣ ಮಾಡುತ್ತೇವೆ. ಕೈಯಲ್ಲಿ ಸ್ಪ್ಯಾನರು ಹಿಡಿದು ನಿಂತ ಹುಡುಗನಿಗೆ ಮಾತ್ರ ಇಂಗ್ಲಿಷ್ ವಿಡಿಯೋ ನೋಡಿಕೋ ಅನ್ನುತ್ತೇವೆ.

ಇದೇ ವಯಸ್ಸಿನ ಹುಡುಗರು ಮೊಬೈಲಿನಲ್ಲಿ ಆಡುವ ‘ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ’ ಆಟ 2017ರಲ್ಲಿ ಬಂತು. ಅದರ ಬಸ್ಸುಗಳಿಗೆ ನಮ್ಮ ಹುಡುಗರು ಕೆಎಸ್‌ಆರ್‌ಟಿಸಿಯ ಬಣ್ಣ ಹಚ್ಚುತ್ತಾರೆ, ಕನ್ನಡದಲ್ಲೇ ಊರಿನ ಬೋರ್ಡು ಹಾಕುತ್ತಾರೆ. ನೋಡಲು ಸಂತೋಷವೇ. ಆದರೆ ಕನ್ನಡಕ್ಕೆ ನಾವು ಕೊಟ್ಟಿರುವ ಜಾಗವೂ ಅಷ್ಟೇ: ಮೈಮೇಲಿನ ಬಣ್ಣ. ಅಚ್ಚು, ಎಂಜಿನ್ನು, ಬ್ರೇಕು, ಅಂದರೆ ಗಾಡಿ ಓಡುವ ಕಾರಣಗಳೆಲ್ಲ ಬೇರೆ ಭಾಷೆಯಲ್ಲಿವೆ.

‘ಇದು ಸಾಹಿತ್ಯವೇ?’ ಎಂದು ಹಿರಿಯರೊಬ್ಬರು ಕೇಳಿದರು. ಪ್ರಶ್ನೆ ಕೇಳಬೇಕಾದದ್ದು ಎರಡನೇ ಚಾವುಂಡರಾಯನನ್ನು. ಸುಮಾರು 1025ರಲ್ಲಿ ಅವನು ‘ಲೋಕೋಪಕಾರ’ ಬರೆದ. ಬಾವಿ ತೋಡಲು ನೀರಿನ ಸೆಲೆ ಗುರುತಿಸುವುದು, ಮರಗಿಡಗಳ ಆರೈಕೆ, ಅಡುಗೆ, ಮದ್ದು, ಎಲ್ಲವನ್ನೂ ಕನ್ನಡ ಪದ್ಯಕ್ಕೆ ತಂದ. ರಾಜಾದಿತ್ಯ ಗಣಿತ ಬರೆದ, ರಟ್ಟಕವಿ ಮಳೆಬೆಳೆಯ ಲಕ್ಷಣ ಬರೆದ, ಮೂರನೇ ಮಂಗರಸ ‘ಸೂಪಶಾಸ್ತ್ರ’ದಲ್ಲಿ ಪಾಕ ಹೇಳಿದ. ಇಪ್ಪತ್ತನೇ ಶತಮಾನದಲ್ಲಿ ಶಿವರಾಮ ಕಾರಂತರು ‘ಬಾಲಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳನ್ನು ಬರೆದರು. ನಮ್ಮದೇ ಜಿಲ್ಲೆಯ ಮೂಡಿಗೆರೆಯಲ್ಲಿ ಕೂತು ತೇಜಸ್ವಿ ಮಿಲೇನಿಯಂ ಸರಣಿ ತಂದರು. ಇವರೆಲ್ಲರನ್ನೂ ಸಾಹಿತ್ಯ ಚರಿತ್ರೆಯಲ್ಲಿ ಓದಿಯೇ ನಾವು ಎಂ.ಎ. ಪಾಸಾದದ್ದು. ‘ಶಾಸ್ತ್ರಸಾಹಿತ್ಯ: ಟಿಪ್ಪಣಿ ಬರೆಯಿರಿ’ ಎಂದರೆ ಬರೆಯುತ್ತೇವೆ. ಶಾಸ್ತ್ರಸಾಹಿತ್ಯ ಬರೆಯಿರಿ ಎಂದರೆ ಮುಖ ತಿರುಗಿಸುತ್ತೇವೆ.

ಪದಗಳಿಲ್ಲ ಎನ್ನುವುದು ಇನ್ನೊಂದು ನೆಪ. ಅಚ್ಚು, ಗುಂಬ, ಕಡಾಣಿ, ಮೂಕಿ, ನೊಗ, ಕೀಲೆಣ್ಣೆ ಎಂದು ಎತ್ತಿನಗಾಡಿಯ ಒಂದೊಂದು ಅಂಗಕ್ಕೂ ಹೆಸರಿಟ್ಟ ಭಾಷೆ ಇದು. ಉಳಿದಂತೆ ಎಂಜಿನ್, ಬೇರಿಂಗ್, ಸೀಟು ಹಾಗೇ ಇರಲಿ; ಯಾವ ಗ್ಯಾರೇಜಿನಲ್ಲೂ ಅವು ಪರಕೀಯವಲ್ಲ. ಪದ ಟಂಕಿಸುವ ಸಮಿತಿ ನಮಗೆ ಬೇಡ. ವಾಕ್ಯ ಬರೆಯುವವರು ಬೇಕು.

ಬರೆದೇ ತೋರಿಸುತ್ತೇನೆ. ಹೊಸದಾಗಿ ಗಾಡಿ ಕಟ್ಟುವವರೇ, ಕೇಳಿ. ಮೊದಲು ಚೌಕಟ್ಟು ಮಾತ್ರ ಕಟ್ಟಿ: ಅಗಲವಾದ ತಳ, ಆರು ಬೇರಿಂಗು, ನಾಲ್ಕು ಚಕ್ರ, ಒಂದು ಸೀಟು, ಒಂದು ಎಂಜಿನ್. ಹಿಂದಿನ ಚಕ್ರಗಳ ಬೇರಿಂಗನ್ನು ಎಂಜಿನ್ನಿಗೆ, ಮುಂದಿನ ಚಕ್ರಗಳನ್ನು ಎಡಬಲಕ್ಕೆ ಹೊರಳಿಸಲು ನೆಟ್ಟಗೆ ಕೂರಿಸಿದ ಬೇರಿಂಗನ್ನು ಸೀಟಿಗೆ ಜೋಡಿಸಿ. ಹಿಂದಿನವು ತಳ್ಳುತ್ತವೆ, ಮುಂದಿನವು ತಿರುಗಿಸುತ್ತವೆ. ಎಂಜಿನ್ನನ್ನೂ ಸೀಟಿಗೆ ಜೋಡಿಸಲು ಮರೆಯಬೇಡಿ. ಗಾಡಿ ನಿಂತಲ್ಲೇ ಗಿರಕಿ ಹೊಡೆದರೆ ಒಂದು ಬದಿಯ ಬೇರಿಂಗು ಹಿಮ್ಮುಖ ಸುತ್ತುತ್ತಿದೆ ಎಂದರ್ಥ. ಅದರ ದಿಕ್ಕು ಬದಲಿಸಿ. ಭಾರದ್ದನ್ನು ತಳಕ್ಕೆ, ಹಗುರದ್ದನ್ನು ಮೇಲಕ್ಕೆ ಹಾಕಿ. ಹಿಂದಿನ ಚಕ್ರಕ್ಕಿಂತ ಆಚೆ ಭಾರ ಹೇರಿದರೆ ಹಿಂಭಾರವಾಗಿ, ಎತ್ತಿನಗಾಡಿಯ ಮೂಕಿ ಎದ್ದಂತೆ, ಗಾಡಿಯ ಮೂತಿ ಏಳುತ್ತದೆ. ಮುಂದಿನ ಚಕ್ರ ನೆಲ ಬಿಟ್ಟರೆ ಎತ್ತ ತಿರುಗಿಸಿದರೂ ಅದು ತಿರುಗದು. ಖಾಲಿ ಗಾಡಿ ಸರಿಯಾಗಿ ಓಡಿದ ಮೇಲೆ ಮೈ ಕಟ್ಟಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಓಡಿಸಿ ನೋಡಿ. ಎರಡು ಮಾಡಿದರೆ ಯಾವುದು ಕೆಡಿಸಿತೆಂದು ತಿಳಿಯುವುದಿಲ್ಲ. ಓಡಿದ್ದನ್ನು ಉಳಿಸಿಟ್ಟುಕೊಂಡು ಮುಂದುವರಿಯಿರಿ. ಬೇರೆಯವರು ಕಟ್ಟಿದ ಗಾಡಿಯನ್ನು ಇಳಿಸಿಕೊಳ್ಳುವ ಆತುರ ಬೇಡ. ಗಾಡಿ ಬರುತ್ತದೆ, ಅದು ಯಾಕೆ ಮಗುಚುವುದಿಲ್ಲ ಎಂಬುದು ಜೊತೆಗೆ ಬರುವುದಿಲ್ಲ.

ಇಷ್ಟೇ. ಇದಕ್ಕೆ ಪಾಂಡಿತ್ಯ ಬೇಕಾಗಲಿಲ್ಲ. ಲಕ್ಕವಳ್ಳಿಯಲ್ಲಿ ಟ್ರೈಲರು ವೆಲ್ಡ್ ಮಾಡುವವರು ಕೆಲಸಕ್ಕೆ ಬಂದ ಹೊಸ ಹುಡುಗನಿಗೆ ಹೇಳುವುದೂ ಹೆಚ್ಚುಕಮ್ಮಿ ಇದನ್ನೇ. ಅದನ್ನು ಬರೆಹಕ್ಕೆ ಇಳಿಸಿದರೆ ಕೀಳಾಗುತ್ತೇವೆಂಬ ನಮ್ಮ ಅಳುಕೊಂದೇ ಅಡ್ಡಿ.

ಆಟ ಕಾಲಹರಣ ಎನ್ನುವವರೊಡನೆ ನನಗೆ ಪೂರ್ತಿ ಜಗಳವಿಲ್ಲ. ಹೊತ್ತು ಮುಳುಗುವವರೆಗೂ ಆಡುವ ಹುಡುಗನನ್ನು ಎಬ್ಬಿಸಿ ಅಂಗಳಕ್ಕೆ ಅಟ್ಟುವವನು ನಾನೂ ಹೌದು. ಆದರೆ ಅವನು ‘ಯಾಕೆ’ ಎಂದು ಕೇಳಿದಾಗ ಅವನ ಮನೆಮಾತಿನಲ್ಲಿ ಉತ್ತರ ಇಟ್ಟಿರದಿದ್ದರೆ, ಆ ಮಾತು ಪ್ರಶ್ನೆ ಕೇಳಲು ತಕ್ಕದ್ದಲ್ಲ ಎಂದು ನಾವೇ ಕಲಿಸಿದಂತೆ. ಆಮೇಲೆ ಎಷ್ಟು ಬಾವುಟ ಕಟ್ಟಿದರೂ ಅಷ್ಟೇ.

ನನ್ನ ಜೊತೆಯ ಸಂಶೋಧನಾ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ನಿಮಗೆ ಕೈಯಾರೆ ಮಾಡಲು ಬರುವ ಒಂದು ಕೆಲಸವನ್ನು, ಪಂಕ್ಚರ್ ಹಾಕುವುದೋ ಆಟದಲ್ಲಿ ಗಾಡಿ ಕಟ್ಟುವುದೋ, ಏನೂ ಬಾರದವನಿಗೆ ತಿಳಿಯುವಂತೆ ಒಂದು ಪುಟ ಕನ್ನಡದಲ್ಲಿ ಬರೆಯಿರಿ. ಮಹಾಪ್ರಬಂಧಕ್ಕಿಂತ ಕಷ್ಟ ಎಂದು ಮೊದಲೇ ಎಚ್ಚರಿಸುತ್ತೇನೆ.

ನಾನು ಊರಿಂದ ಹೊರಡುವ ದಿನ ಅಕ್ಕನ ಮಗ ಜಗಲಿಯಲ್ಲಿ ಕೂತು ತರೀಕೆರೆಯ ಗೆಳೆಯನಿಗೆ ಫೋನಿನಲ್ಲಿ ಹೇಳುತ್ತಿದ್ದ: “ಎಂಜಿನ್ ಸರಿ ಇದೆ ಕಣೋ, ಹಿಂಭಾರ ಆಗಿದೆ. ಸ್ವಲ್ಪ ಮುಂದಕ್ಕೆ ಹಾಕು.”