ತೆರೆಮರೆಯ ಎಕ್ಸೆಲ್

ಕಾಲೇಜಿನಲ್ಲಿ ಪ್ರಾಜೆಕ್ಟ್ ತೋರಿಸಬೇಕಾದ ದಿನ. ಪ್ರೋಗ್ರಾಂ 60 ಮಕ್ಕಳ ಅಂಕಗಳನ್ನು ಎಕ್ಸೆಲ್ ಹಾಳೆಗೆ ತುಂಬಿ, ಮೊತ್ತ ಹಾಕಿ, ಅಂಕಪಟ್ಟಿ ಮುದ್ರಿಸಬೇಕು. ಮನೆಯಲ್ಲಿ ಸಲೀಸಾಗಿ ಓಡಿದ್ದು ಪರೀಕ್ಷಕರ ಎದುರು ಗರಬಡಿದಂತೆ ನಿಂತುಬಿಡುತ್ತದೆ. ತಪ್ಪೇನೆಂದು ತಿಳಿಸುವ ಒಂದಕ್ಷರವೂ ಪರದೆಯ ಮೇಲಿಲ್ಲ. ಪ್ರೋಗ್ರಾಮಿಂಗ್ ಕಲಿಯುವ ಮಕ್ಕಳಿರುವ ಮನೆಗಳಿಗೆ ಈ ಪೇಚಾಟ ಹೊಸದೇನಲ್ಲ.

ಒಂದು ಪ್ರೋಗ್ರಾಂ ಇನ್ನೊಂದನ್ನು ಕರೆದು ಕೆಲಸ ಮಾಡಿಸಿಕೊಳ್ಳುವುದಕ್ಕೆ ಆಟೋಮೇಶನ್ ಎನ್ನುತ್ತಾರೆ. 1993ರಲ್ಲಿ ಬಂದ ಎಕ್ಸೆಲ್ 5.0ರಿಂದಲೂ ಈ ಅನುಕೂಲವಿದೆ. ವಿಷುಯಲ್ ಬೇಸಿಕ್‌ನಲ್ಲಿ ‘ಕ್ರಿಯೇಟ್‌ಆಬ್ಜೆಕ್ಟ್’ ಎಂದು ಕರೆದರೆ ಎಕ್ಸೆಲ್ ಎದ್ದು ಕೂರುತ್ತದೆ, ಆದರೆ ಮುಖ ತೋರಿಸುವುದಿಲ್ಲ. ‘ವಿಸಿಬಲ್’ ಎಂಬ ಗುಣವನ್ನು ‘ಟ್ರೂ’ ಎಂದು ಬದಲಿಸುವವರೆಗೂ ಅದು ತೆರೆಮರೆಯಲ್ಲೇ. ಮದುವೆಮನೆಯ ಅಡುಗೆಭಟ್ಟರ ಹಾಗೆ: ಪಂಕ್ತಿಯಲ್ಲಿ ಕುಳಿತವರಿಗೆ ಹೋಳಿಗೆ ಕಾಣುತ್ತದೆ, ಒಲೆ ಕಾಣುವುದಿಲ್ಲ.

ತೊಡಕು ಶುರುವಾಗುವುದು ಭಟ್ಟರು ಏನಾದರೂ ಕೇಳಿದಾಗ. ‘ಬದಲಾವಣೆ ಉಳಿಸಬೇಕೆ?’ ಎಂದು ಎಕ್ಸೆಲ್ ಪ್ರಶ್ನಿಸುತ್ತದೆ. ಕಿಟಕಿಯೇ ಕಾಣದಿರುವಾಗ ಉತ್ತರ ಕೊಡುವವರು ಯಾರು? ಎಕ್ಸೆಲ್ ಉತ್ತರಕ್ಕೆ ಕಾಯುತ್ತದೆ, ಪ್ರೋಗ್ರಾಂ ಎಕ್ಸೆಲ್‌ಗೆ ಕಾಯುತ್ತದೆ. ‘ಡಿಸ್‌ಪ್ಲೇಅಲರ್ಟ್ಸ್’ ಅನ್ನು ‘ಫಾಲ್ಸ್’ ಮಾಡಿದರೆ ಪ್ರಶ್ನೆಗಳೇನೋ ನಿಲ್ಲುತ್ತವೆ. ಆದರೆ ಕಡತವನ್ನು ಮೊದಲೇ ಉಳಿಸದಿದ್ದರೆ ಮಾಡಿದ ಕೆಲಸವೂ ಸದ್ದಿಲ್ಲದೆ ಹೋಗುತ್ತದೆ.

ಇನ್ನೊಂದು ಕಾಟ, ಹೋಗದೆ ಉಳಿದ ಅತಿಥಿಯದು. ಪ್ರೋಗ್ರಾಂ ಅರ್ಧದಲ್ಲಿ ಮುಗ್ಗರಿಸಿದರೆ ‘ಕ್ವಿಟ್’ ಎಂಬ ಸಾಲನ್ನು ತಲುಪುವುದೇ ಇಲ್ಲ. ಎಕ್ಸೆಲ್ ಅಂಕಪಟ್ಟಿಯ ಕಡತವನ್ನು ಹಿಡಿದುಕೊಂಡೇ ಒಳಗೆ ಉಳಿದುಬಿಡಬಹುದು. ಮತ್ತೆ ತೆರೆಯಹೋದರೆ ‘ಕಡತ ಬಳಕೆಯಲ್ಲಿದೆ’ ಎಂಬ ತಗಾದೆ. ಹತ್ತು ಸಲ ಪ್ರಯತ್ನಿಸಿದವರ ಟಾಸ್ಕ್ ಮ್ಯಾನೇಜರ್‌ನಲ್ಲಿ ಹತ್ತು ಎಕ್ಸೆಲ್‌ಗಳು ಕೂತಿರುವುದೂ ಉಂಟು. ಆದ್ದರಿಂದ ‘ಕ್ವಿಟ್’ ಅನ್ನು ದೋಷ ಬಂದಾಗಲೂ ತಪ್ಪದೆ ನಡೆಯುವ ಜಾಗದಲ್ಲೇ ಬರೆಯಬೇಕು. ಪ್ರೋಗ್ರಾಂ ಪಳಗುವವರೆಗೆ ‘ವಿಸಿಬಲ್’ ಅನ್ನು ‘ಟ್ರೂ’ ಎಂದೇ ಇಟ್ಟುಕೊಳ್ಳುವುದು ಜಾಣತನ.

ಹಾಗೆಂದು ಕಂಡ ಎಕ್ಸೆಲ್‌ಗಳನ್ನೆಲ್ಲ ಟಾಸ್ಕ್ ಮ್ಯಾನೇಜರ್‌ನಿಂದ ಕೊಲ್ಲುವ ಹಾಗಿಲ್ಲ. ಅವುಗಳಲ್ಲೊಂದು ಅಪ್ಪ ಇನ್ನೂ ಉಳಿಸದ ಮನೆ ಲೆಕ್ಕವಿರಬಹುದು! ‘ಗೆಟ್‌ಆಬ್ಜೆಕ್ಟ್’ ಬಳಸುವವರಂತೂ ಹುಷಾರಾಗಿರಬೇಕು. ಅದು ಆಗಲೇ ತೆರೆದಿರುವ ಎಕ್ಸೆಲ್‌ಗೇ ಅಂಟಿಕೊಳ್ಳಬಲ್ಲದು. ಅಲ್ಲಿ ‘ಕ್ವಿಟ್’ ಎಂದರೆ ಇನ್ನೊಬ್ಬರ ಕೆಲಸಕ್ಕೇ ಬಾಗಿಲು ಹಾಕಿದಂತೆ.

ಎದುರಿಗೆ ಯಾರೂ ಕೂರದ ಸರ್ವರ್‌ಗಳಲ್ಲಿ ಆಫೀಸ್ ತಂತ್ರಾಂಶಗಳನ್ನು ಹೀಗೆ ದುಡಿಸುವುದು ಬೇಡವೆಂದು ಮೈಕ್ರೋಸಾಫ್ಟ್ ಸಂಸ್ಥೆಯೇ ಹೇಳುತ್ತದೆ. ಉಚಿತವಾಗಿ ಸಿಗುವ ಲಿಬ್ರೆಆಫೀಸ್‌ನಲ್ಲಿ ಕಿಟಕಿಯಿಲ್ಲದೆ ಓಡುವುದಕ್ಕೆಂದೇ ‘ಹೆಡ್‌ಲೆಸ್’ ಎಂಬ ಏರ್ಪಾಡಿದೆ. ಹೆಸರು ಕೇಳಿದರೆ ರುಂಡವಿಲ್ಲದ ಮುಂಡದ ನೆನಪಾದರೂ ಕಡತಗಳನ್ನು ಪಿಡಿಎಫ್‌ಗೆ ಬದಲಿಸಲು ಒಳ್ಳೆಯ ಆಳು. ಬರೇ ಅಂಕಗಳನ್ನು ತುಂಬುವುದಾದರೆ ಎಕ್ಸೆಲ್ ಎಬ್ಬಿಸುವ ಅಗತ್ಯವೂ ಇಲ್ಲ. ಪೈಥಾನ್‌ನ ‘ಓಪನ್‌ಪೈಎಕ್ಸೆಲ್’ ನೇರವಾಗಿ ಕಡತಕ್ಕೇ ಬರೆಯುತ್ತದೆ. ಆದರೆ ಮೊತ್ತದ ಸೂತ್ರ ಬರೆದಿಡುತ್ತದೆಯೇ ಹೊರತು ಲೆಕ್ಕ ಮಾಡಿಕೊಡುವುದಿಲ್ಲ. ಅದಕ್ಕೆ ಎಕ್ಸೆಲ್ ಅಥವಾ ಲಿಬ್ರೆಆಫೀಸ್ ಒಮ್ಮೆ ಆ ಕಡತವನ್ನು ತೆರೆಯಲೇಬೇಕು.