ಗುಡ್ಡವನ್ನು ಅರಿಯುವುದೂ ಕಾಯಕ



2021ರ ಜುಲೈ ಮಳೆಗೆ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ಅಡಿಕೆ ತೋಟಗಳು ಮಣ್ಣುಪಾಲಾದವು. 2024ರ ಜುಲೈ 16ರಂದು ಇದೇ ಜಿಲ್ಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿದ್ದು ಜೀವಗಳೇ ಹೋದವು. ಇದನ್ನು ದೈವದ ಮುನಿಸು ಎನ್ನುವುದು ಸುಲಭ. ಆದರೆ ಅರಿವನ್ನೇ ಗುರುವೆಂದು ನಂಬಿದ ನಮಗೆ ಆ ಮಾತು ಸಲ್ಲದು.

ನಮ್ಮ ಗುಡ್ಡಗಳಲ್ಲಿ ಚಿರೇಕಲ್ಲಿನ ಪದರ ಮಳೆನೀರನ್ನು ಒಳಗೆ ಬಿಡುತ್ತದೆ. ಅಡಿಯ ಜೇಡಿಮಣ್ಣು ಅದನ್ನು ತಡೆದು ನಿಲ್ಲಿಸುತ್ತದೆ. ನೆನೆದ ಮಣ್ಣು ಭಾರವಾಗಿ, ಹಿಡಿತ ತಪ್ಪಿ ಜಾರುತ್ತದೆ. ಗುಡ್ಡದ ಬುಡ ಕಡಿದಲ್ಲಿ ಅಪಾಯ ಇನ್ನೂ ಹೆಚ್ಚು. ಇದನ್ನು ಕಲಿಸುವ ವಿದ್ಯೆಯೇ ಪರಿಸರ ಭೂವಿಜ್ಞಾನ.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ನಮ್ಮ ಮಕ್ಕಳು ಪಿಯುಸಿ ಮುಗಿಸಿ ಇಂಜಿನಿಯರಿಂಗ್ ಸೀಟನ್ನಷ್ಟೇ ಹುಡುಕುತ್ತಾರೆ. ಧಾರವಾಡದ ಕರ್ನಾಟಕ ವಿಜ್ಞಾನ ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಭೂವಿಜ್ಞಾನ ಓದಬಹುದು. "ನೌಕರಿ ಎಲ್ಲಿದೆ?" ಎಂಬ ತಂದೆತಾಯಿಯರ ಆತಂಕ ಸುಳ್ಳಲ್ಲ, ಬರೀ ಪದವಿ ಸಾಲದು. ಎಂ.ಎಸ್ಸಿ. ಮಾಡಿ ಯುಪಿಎಸ್‌ಸಿ ಪರೀಕ್ಷೆ ಗೆದ್ದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಬಾಗಿಲು ತೆರೆಯುತ್ತದೆ.

ಆ ಐದು ವರ್ಷಗಳ ಖರ್ಚು ಬಡ ರೈತನಿಗೆ ಭಾರ, ಮಠಕ್ಕೆ ಅಲ್ಲ. ಒಂದೊಂದು ಮಠವೂ ಒಬ್ಬ ಮಗ ಅಥವಾ ಮಗಳ ಈ ಓದನ್ನು ಹೊತ್ತುಕೊಳ್ಳಲಿ. ಕುಸಿದ ಮೇಲೆ ಗಂಜಿ ಕೇಂದ್ರ ತೆರೆಯುವುದು ದಾಸೋಹವಾದರೆ, ಕುಸಿಯುವ ಮೊದಲೇ ಎಚ್ಚರಿಸಬಲ್ಲವರನ್ನು ಬೆಳೆಸುವುದೂ ದಾಸೋಹವೇ.